ಮೊದಲು ಖಾತೆ ತೋರಿಸಿ ಎನ್ನಿ: ಅಮೆರಿಕಕ್ಕೆ ಹೊರಟವರಿಗೆ ಸಾಲ ವಸೂಲಿಯ ಬಗ್ಗೆ

ಡಿಸೆಂಬರಿನಲ್ಲಿ ನಾನು ಬ್ಯಾಡಗಿಯ ತವರಿಗೆ ಬಂದ ಸುದ್ದಿ ತಿಳಿಯುತ್ತಲೇ ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿಯ ಕಡೆಯಿಂದ ಒಂದಿಬ್ಬರಾದರೂ ತಂದೆತಾಯಿ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಜನವರಿಯಲ್ಲಿ ವಿಮಾನ ಹತ್ತಲಿರುವ ಆ ಮಕ್ಕಳು ಚಳಿಗೆ ಎಂಥ ಕೋಟು ಬೇಕು, ಕುಕ್ಕರ್ ಒಯ್ಯಬೇಕೇ, ಶೇಂಗಾ ಚಟ್ನಿಪುಡಿಯನ್ನು ಕಸ್ಟಮ್ಸಿನವರು ಬಿಡುತ್ತಾರೆಯೇ ಎಂದು ಕೇಳುತ್ತಾರೆ. ಸಾಲದ ಮಾತನ್ನು ಯಾರೂ ಎತ್ತುವುದಿಲ್ಲ, ಬ್ಯಾಂಕಿನಿಂದ ಲಕ್ಷಗಟ್ಟಲೆ ಸಾಲ ಎತ್ತಿಯೇ ಹೊರಟವರೂ ಎತ್ತುವುದಿಲ್ಲ. ಹದಿನೆಂಟು ವರ್ಷಗಳಿಂದ ನ್ಯೂ ಜರ್ಸಿಯಲ್ಲಿರುವ ನನಗೆ ಹೊರಡುವಾಗ ಹಿರಿಯರೊಬ್ಬರು ಅಲ್ಲಿಯ ಸಾಲ ವಸೂಲಿಯ ಬಗ್ಗೆ ಹೇಳಲು ಬಂದಿದ್ದರು. ಅಂಥದ್ದು ನಮ್ಮಂಥವರಿಗೆ ಆಗುವುದಿಲ್ಲ ಎಂಬ ಸೊಕ್ಕಿನಲ್ಲಿ ನಾನು ಕೇಳಿಸಿಕೊಳ್ಳಲಿಲ್ಲ.

ಮಗ ಆರು ವರ್ಷದವನಿದ್ದಾಗ, 2012ರಲ್ಲಿ, ಜಾರುಬಂಡಿಯಿಂದ ಬಿದ್ದು ಮುಂಗೈ ಮುರಿದುಕೊಂಡ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು, ವಿಮೆಯವರು ಬಹುಪಾಲು ಕೊಟ್ಟರು, ಉಳಿದದ್ದನ್ನು ನಾವು ಕಟ್ಟಿ ಕೈತೊಳೆದುಕೊಂಡೆವು. ಒಂದು ಆಸ್ಪತ್ರೆಗೆ ಒಂದು ಬಿಲ್ಲು ಎಂಬುದು ನಮ್ಮ ಊರಿನ ಲೆಕ್ಕ. ಅಮೆರಿಕದಲ್ಲಿ ಎಕ್ಸ್‌ರೇ ನೋಡಿ ವರದಿ ಬರೆದ ವೈದ್ಯರು ಬೇರೆಯದೇ ಸಂಸ್ಥೆಯವರಾಗಿರಬಹುದು, ಅವರ ಬಿಲ್ಲು ಬೇರೆಯಾಗಿ ಬರಬಹುದು. ನಮ್ಮದು 312 ಡಾಲರಿನ ಬಿಲ್ಲು, ನಾವು ಅಷ್ಟರಲ್ಲಿ ಬಿಟ್ಟು ಬಂದಿದ್ದ ಹಳೆಯ ಮನೆಯ ವಿಳಾಸಕ್ಕೆ ಹೋಗಿತ್ತು.

ಹನ್ನೊಂದು ತಿಂಗಳ ನಂತರ, ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿದ ಹೊತ್ತಿಗೆ ಫೋನ್ ಬಂತು. ಆ ಕಡೆಯ ಮನುಷ್ಯ ನನ್ನ ಹೆಸರನ್ನು, ನಡುವಿನ ಅಪ್ಪನ ಹೆಸರೂ ಸೇರಿದಂತೆ, ತಡವರಿಸುತ್ತ ಓದಿ, ನೀವು ಸಾಲ ಉಳಿಸಿಕೊಂಡಿದ್ದೀರಿ, ಇವತ್ತೇ ತೀರಿಸದಿದ್ದರೆ ನಿಮ್ಮ ವೀಸಾಕ್ಕೆ ತೊಂದರೆಯಾದೀತು ಎಂದ. ಪಕ್ಕದಲ್ಲಿದ್ದವರಿಗೆ ಕೇಳಿಸಿತೇನೋ ಎಂಬ ಗಾಬರಿಯಲ್ಲಿ ನಾನು ಎದ್ದು ಮೆಟ್ಟಿಲಿನ ಕಡೆಗೆ ಹೋದೆ, ದನಿ ತಗ್ಗಿಸಿದೆ, ಮೂರು ಸಲ ಕ್ಷಮೆ ಕೇಳಿದೆ, ಗೋಡೆಗೆ ಮುಖ ಮಾಡಿ ನಿಂತು ಡೆಬಿಟ್ ಕಾರ್ಡಿನ ಹದಿನಾರೂ ಅಂಕಿಗಳನ್ನು ಒಪ್ಪಿಸಿದೆ. ಯಾರಿಗೆ ಕೊಡಬೇಕಾದದ್ದು, ಯಾವ ದಿನದ್ದು ಎಂದು ಕೇಳಲಿಲ್ಲ. ಕೇಳಿದರೆ ಕೊಡಲು ಮನಸ್ಸಿಲ್ಲದವಳಂತೆ ಕಂಡೇನು ಎಂದು ನಾಚಿಕೆಯಾಯಿತು. ಅವನು 312ರ ಬದಲಿಗೆ 390 ಡಾಲರು ಎಳೆದುಕೊಂಡಿದ್ದ, ರಶೀದಿ ಕಳಿಸುತ್ತೇನೆ ಎಂದವನು ಕಳಿಸಲೇ ಇಲ್ಲ. ಎಂಟು ತಿಂಗಳಿಗೆ ಮತ್ತೊಂದು ವಸೂಲಿ ಕಂಪನಿಯವರು ಅದೇ 312 ಡಾಲರಿಗೆ ಫೋನ್ ಮಾಡಿದರು.

ಅಂದು ರಾತ್ರಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಮೂವತ್ತು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲರೊಬ್ಬರ ಅಂಗಡಿಯ ಗುಮಾಸ್ತರಾಗಿ ರೈತರ ಮುಂಗಡ, ತೂಕ, ಬಾಕಿಗಳನ್ನು ಬರೆದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಾತಿ ತೋರಸ್ರಿ ಅನ್ನಲಿಲ್ಲೇನವಾ ನೀ? ಅಕ್ಷರ ಬರದ ರೈತ ಸುದ್ದಾ ಮೊದಲ ಖಾತಿ ಓದಿಸಿಕೊಂತಾನ, ಆಮ್ಯಾಲೆ ರೊಕ್ಕ ಎಣಸತಾನ" ಎಂದರು. ಗುಮಾಸ್ತನ ಮಗಳಾಗಿ, ಎರಡು ಡಿಗ್ರಿ ಪಡೆದು, ನಾನು ಆ ಒಂದು ಮಾತನ್ನು ಆಡಿರಲಿಲ್ಲ.

ಆ ಮಾತನ್ನು ಆಡುವ ಹಕ್ಕನ್ನು ಅಮೆರಿಕದ ಕಾನೂನೇ ಕೊಟ್ಟಿದೆ ಎಂದು ತಿಳಿದದ್ದು ಆಮೇಲೆ. ಸಾಲ ವಸೂಲಿಗಾರರ ನಡತೆಯ ಮೇಲೆ 1977ರಲ್ಲಿ ಬಂದ ಒಕ್ಕೂಟ ಸರ್ಕಾರದ ಕಾಯ್ದೆಯ ಪ್ರಕಾರ, ಮೊದಲ ಸಲ ಸಂಪರ್ಕಿಸಿದಾಗಲೇ ಅಥವಾ ಅಲ್ಲಿಂದ ಐದು ದಿನಗಳ ಒಳಗೆ, ಎಷ್ಟು ಬಾಕಿ ಮತ್ತು ಯಾರಿಗೆ ಬಾಕಿ ಎಂಬ ವಿವರವನ್ನು ವಸೂಲಿ ಕಂಪನಿ ನಿಮಗೆ ಕೊಡಬೇಕು. ಅದು ಕೈಸೇರಿದ ಮೂವತ್ತು ದಿನಗಳ ಒಳಗೆ ಈ ಸಾಲವನ್ನು ನಾನು ಒಪ್ಪುವುದಿಲ್ಲ, ಪುರಾವೆ ಕಳಿಸಿ ಎಂದು ನೀವು ಬರವಣಿಗೆಯಲ್ಲಿ ಕೇಳಿದರೆ, ಪುರಾವೆ ಕಳಿಸುವವರೆಗೆ ಅವರು ವಸೂಲಿಯನ್ನು ನಿಲ್ಲಿಸಬೇಕಾಗುತ್ತದೆ. ಬಾಯಿಮಾತಿನಲ್ಲಿ ಕೇಳಿದರೆ ಈ ರಕ್ಷಣೆ ಸಿಗುವುದಿಲ್ಲ. ಊರಿನಲ್ಲಿ ರಜಿಸ್ಟರ್ ಎ.ಡಿ. ಮಾಡುತ್ತಿದ್ದೆವಲ್ಲ, ಹಾಗೆಯೇ ಅಲ್ಲಿ ಸ್ವೀಕೃತಿ ಚೀಟಿಯ ಸಮೇತ ಸರ್ಟಿಫೈಡ್ ಮೇಲ್ ಮಾಡಿ, ಪತ್ರದ ನಕಲನ್ನು ಇಟ್ಟುಕೊಳ್ಳಿ.

ಬೆಳಿಗ್ಗೆ ಎಂಟಕ್ಕೆ ಮೊದಲು, ರಾತ್ರಿ ಒಂಬತ್ತರ ನಂತರ ಅವರು ಫೋನ್ ಮಾಡುವಂತಿಲ್ಲ. ಒಂದು ಸಾಲಕ್ಕಾಗಿ ಏಳು ದಿನಗಳಲ್ಲಿ ಏಳಕ್ಕಿಂತ ಹೆಚ್ಚು ಸಲ ಫೋನ್ ಮಾಡಿದರೆ ಅದನ್ನು ಕಿರುಕುಳವೆಂದೇ ಎಣಿಸುವ ನಿಯಮ 2021ರ ನವೆಂಬರಿನಿಂದ ಜಾರಿಯಲ್ಲಿದೆ. ಜೈಲಿಗೆ ಹಾಕಿಸುತ್ತೇವೆ ಎಂದು ಬೆದರಿಸುವುದು, ನಿಮ್ಮ ಸಾಲದ ವಿಷಯವನ್ನು ನೆರೆಯವರಿಗೆ ತಿಳಿಸುವುದು ಕಾನೂನುಬಾಹಿರ. ನನ್ನ ವೀಸಾದ ಮಾತೆತ್ತಿದವನ ಬಾಯಲ್ಲಿ ಇದ್ದದ್ದು ಬರೀ ಸುಳ್ಳು. ಗಿಫ್ಟ್ ಕಾರ್ಡಿನಲ್ಲಿ ಹಣ ಕೊಡಿ ಎನ್ನುವವನಂತೂ ವಸೂಲಿಗಾರನೂ ಅಲ್ಲ, ಕಳ್ಳ. ಮಾತು ಬೆಳೆಸದೆ ಫೋನ್ ಇಡಿ.

ನಮಗೆ ಹೆದರಿಕೆ ಬೇಗ ಹತ್ತುವುದಕ್ಕೂ ಕಾರಣವಿದೆ. ವಸೂಲಿಯವರು ಬಾಗಿಲಲ್ಲಿ ನಿಂತರೆ ಓಣಿಗೆ ಓಣಿಯೇ ನೋಡುತ್ತದೆ ಎಂಬುದನ್ನು ಕಂಡು ಬೆಳೆದವರು ನಾವು. ಮೈಕ್ರೋಫೈನಾನ್ಸ್ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಆ ಹೆದರಿಕೆ ಸುಳ್ಳಲ್ಲ. ಆದರೆ ಆ ಹೆದರಿಕೆಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋದರೆ, ಯಾರದೋ ಸಾಲವನ್ನು ಎರಡೆರಡು ಸಲ ಕಟ್ಟುತ್ತೀರಿ.

ನನ್ನ ಎರಡನೆಯ ತಪ್ಪು ಅಂಚೆಯದು. ನಿಜವಾಗಿ ಹಣ ಬೇಕಾದವನು ಮನೆಗೇ ಬರುತ್ತಾನೆ ಎಂಬ ನಂಬಿಕೆಯಲ್ಲಿ, ಕಿಟಕಿಯಿರುವ ಬಿಳಿ ಲಕೋಟೆಗಳನ್ನೆಲ್ಲ ಜಾಹೀರಾತೆಂದು ಅಡುಗೆಮನೆಯ ಡ್ರಾವರಿಗೆ ತುರುಕುತ್ತಿದ್ದೆ. ಅಲ್ಲಿ ಲಕೋಟೆಯೇ ಮನೆಗೆ ಬಂದ ಮನುಷ್ಯ. ಅದರಲ್ಲೂ ನ್ಯಾಯಾಲಯದ ಸಮನ್ಸು ಬಂದಾಗ, ಸಾಲ ನಿಮ್ಮದಲ್ಲದಿದ್ದರೂ, ಗಡುವಿನೊಳಗೆ ಉತ್ತರ ಕೊಡಲೇಬೇಕು; ಕೊಡದಿದ್ದರೆ ಎದುರಿನವರ ಪರವಾಗಿ ಏಕಪಕ್ಷೀಯ ತೀರ್ಪಾಗಿ, ಅನೇಕ ರಾಜ್ಯಗಳಲ್ಲಿ ಸಂಬಳದಿಂದಲೇ ಹಣ ಮುರಿದುಕೊಳ್ಳುವ ದಾರಿ ಅವರಿಗೆ ತೆರೆಯುತ್ತದೆ.

ಸ್ವಲ್ಪ ಕೊಟ್ಟು ಸಮಾಧಾನ ಮಾಡಿ ಕಳಿಸುವ ನಮ್ಮ ರೂಢಿಯೂ ಅಪಾಯದ್ದು. ಕೈಗಡದ ಪತ್ರಕ್ಕೆ ಮೂರು ವರ್ಷದ ವಾಯಿದೆ, ಅದು ಮುಗಿಯುವ ಮೊದಲು ನೂರು ರೂಪಾಯಿಯಾದರೂ ಕೊಡಿಸಿ ಪತ್ರದ ಹಿಂದೆ ಜಮಾ ಬರೆಸಿಕೊಂಡರೆ ವಾಯಿದೆ ಮತ್ತೆ ಹೊಸದಾಗಿ ಶುರುವಾಗುತ್ತದೆ ಎಂಬುದನ್ನು ನಮ್ಮ ಮಾರುಕಟ್ಟೆಯ ಎಲ್ಲ ಗುಮಾಸ್ತರೂ ಬಲ್ಲರು. ಅಲ್ಲಿಯೂ ಅದೇ ಆಟ ನಡೆಯುತ್ತದೆ. ದಾವೆ ಹೂಡುವ ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ನ್ಯೂ ಜರ್ಸಿಯಲ್ಲಿ ಸಾಮಾನ್ಯವಾಗಿ ಆರು ವರ್ಷ. ಅನೇಕ ರಾಜ್ಯಗಳಲ್ಲಿ ಹಳೆಯ ಸಾಲಕ್ಕೆ ನೀವು ಕೊಟ್ಟ ಇಪ್ಪತ್ತು ಡಾಲರು ಆ ಅವಧಿಯನ್ನು ಮತ್ತೆ ಜೀವಂತಗೊಳಿಸುತ್ತದೆ. ಹಳೆಯ ಸಾಲಗಳನ್ನು ಪುಡಿಗಾಸಿಗೆ ಕೊಂಡು ವಸೂಲಿ ಮಾಡುವುದೇ ಕೆಲವು ಕಂಪನಿಗಳ ಉದ್ಯೋಗವಾದ್ದರಿಂದ, ಆ ಇಪ್ಪತ್ತು ಡಾಲರಿಗಾಗಿ ಅವರು ಬಹಳ ಸಿಹಿಯಾಗಿ ಮಾತನಾಡುತ್ತಾರೆ.

ಯಾರು ಎಷ್ಟು ಸಾಲ ಎತ್ತಿದರು, ಹೇಗೆ ತೀರಿಸಿದರು ಎಂಬುದರ ದಾಖಲೆಯೇ ಕ್ರೆಡಿಟ್ ರಿಪೋರ್ಟು; ಅದರ ಬಿಸಿ ನಮಗೆ ತಟ್ಟಿದ್ದು ಮನೆಸಾಲಕ್ಕೆ ಅರ್ಜಿ ಹಾಕಿದಾಗ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ನಿಮ್ಮ ಖಾತೆಯನ್ನು ಬೇರೆಬೇರೆಯಾಗಿ ಬರೆಯುತ್ತವೆ. ನಮ್ಮ 312 ಡಾಲರು ಅವುಗಳಲ್ಲಿ ಒಂದರಲ್ಲಿ ಎರಡು ಸಲ, ಎರಡು ಕಂಪನಿಗಳ ಹೆಸರಿನಲ್ಲಿ, ಬಾಕಿಯೆಂದೇ ದಾಖಲಾಗಿತ್ತು. ಬ್ಯಾಂಕಿನವರು ಬಡ್ಡಿ ಏರಿಸಿದರು, ನಾವು ಮನೆಯನ್ನು ಬಿಟ್ಟುಕೊಟ್ಟೆವು. ನಾನು ಕಟ್ಟಿದ್ದಕ್ಕೆ ಬ್ಯಾಂಕಿನ ಸ್ಟೇಟ್‌ಮೆಂಟಿನ ಒಂದು ಸಾಲನ್ನು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಆ ಸಾಲಿಗೆ ಗುರುತು ಹಾಕಿ, ವೈದ್ಯರ ಕಚೇರಿಯಿಂದ ಪತ್ರ ತರಿಸಿ, ತಕರಾರು ಅರ್ಜಿಯ ಜೊತೆ ಕಳಿಸಿದೆ. ತಕರಾರು ತಲುಪಿದ ಮೇಲೆ ಸಾಮಾನ್ಯವಾಗಿ ಮೂವತ್ತು ದಿನಗಳಲ್ಲಿ ತನಿಖೆ ಮುಗಿಸಿ, ತಪ್ಪಾದದ್ದನ್ನೂ ಖಚಿತಪಡಿಸಲಾಗದ್ದನ್ನೂ ತೆಗೆಯಬೇಕೆಂದು ಕಾನೂನು ಹೇಳುತ್ತದೆ. ಮೊದಲನೆಯ ಅರ್ಜಿಗೆ ಒಂದು ನಮೂದು ಹೋಯಿತು, ಎರಡನೆಯದಕ್ಕೆ ಇನ್ನೊಂದು. ಹಾಗೆ ಬಿಟ್ಟಿದ್ದರೆ ಅವು ಏಳು ವರ್ಷ ಅಲ್ಲಿಯೇ ಇರುತ್ತಿದ್ದವು. ಐನೂರು ಡಾಲರಿಗಿಂತ ಕಡಿಮೆಯ ವೈದ್ಯಕೀಯ ವಸೂಲಿ ಬಾಕಿಗಳನ್ನು 2023ರಿಂದ ಈ ಮೂರೂ ಸಂಸ್ಥೆಗಳು ರಿಪೋರ್ಟಿನಲ್ಲಿ ತೋರಿಸುವುದಿಲ್ಲ. ನಮ್ಮ ಕಾಲಕ್ಕೆ ಆ ಪುಣ್ಯವಿರಲಿಲ್ಲ.

ಮೂರೂ ರಿಪೋರ್ಟುಗಳು ಆನ್ಯುವಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್ ಎಂಬಲ್ಲಿ ವಾರಕ್ಕೊಮ್ಮೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ಸಾಲ ತೀರಿಸಿದ ನಡತೆಗೆ ಭಾರತದಲ್ಲಿ ಕೊಡುವ ಸಿಬಿಲ್ ಅಂಕ ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಸೊನ್ನೆಯಿಂದ ಶುರುಮಾಡಬೇಕು. ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಂಡು ತಿಂಗಳಿಗೆ ಸರಿಯಾಗಿ ಕಟ್ಟುತ್ತ ಹೋಗಿ. ಹೊಸ ಸಾಲ ಬೇಡವಾದಾಗ ಬೇರೆ ಯಾರೂ ನಿಮ್ಮ ಹೆಸರಿನಲ್ಲಿ ಸಾಲ ಎತ್ತದಂತೆ ಮೂರೂ ಕಡೆ ಖಾತೆಯನ್ನು ಫ್ರೀಜ್ ಮಾಡಿಸಿಡಿ, 2018ರಿಂದ ಅದಕ್ಕೆ ಶುಲ್ಕವಿಲ್ಲ.

ಜಾಮೀನಿನ ಬಗ್ಗೆ ಮಾತ್ರ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಸೊಸೈಟಿಯ ಸಾಲಕ್ಕೆ ಜಾಮೀನು ಸಹಿ ಹಾಕುವುದನ್ನು ನಾವು ಮದುವೆಯ ಮುಯ್ಯಿಯಂತೆ ನೋಡಿದವರು, ಅವರದಕ್ಕೆ ನಾವು, ನಮ್ಮದಕ್ಕೆ ಅವರು. ಆ ಧಾಟಿಯಲ್ಲಿಯೇ ನಮ್ಮ ಮನೆಯವರು ಸಂಬಂಧಿಕರ ಹುಡುಗನೊಬ್ಬನ ಕಾರಿನ ಸಾಲಕ್ಕೆ ಸಹಿ ಹಾಕಿದರು. ಹುಡುಗ ಕೆಟ್ಟವನಲ್ಲ, ಕೆಲಸ ಹೋಯಿತು, ಹೇಳಿಕೊಳ್ಳಲು ನಾಚಿಕೊಂಡು ಮೂರು ಕಂತು ತಪ್ಪಿಸಿದ. ಆ ಮೂರು ಕಂತುಗಳು ನಮ್ಮ ಮನೆಯವರ ರಿಪೋರ್ಟಿನಲ್ಲಿಯೂ ಬಂದು ಕುಳಿತವು, ಏಕೆಂದರೆ ಅಲ್ಲಿ ಸಹಿ ಹಾಕಿದವನೂ ಸಾಲಗಾರನೇ. ಈಗ ಆ ಮನೆಗೂ ನಮ್ಮ ಮನೆಗೂ ಯುಗಾದಿಯ ಬೇವು ಬೆಲ್ಲವೂ ಹೋಗಿಬರುವುದಿಲ್ಲ. ಹಾಗೆಯೇ, ಊರಿನಲ್ಲಿ ಅಪ್ಪನನ್ನು ಸಹ-ಸಾಲಗಾರನನ್ನಾಗಿ ಮಾಡಿ ಶಿಕ್ಷಣ ಸಾಲ ಎತ್ತಿ ಬಂದ ಮಕ್ಕಳೇ, ನೀವು ಅಲ್ಲಿ ಕಂತು ತಪ್ಪಿಸಿದರೆ ಇಲ್ಲಿ ಅಪ್ಪನ ಸಿಬಿಲ್ ಅಂಕ ಬೀಳುತ್ತದೆ, ವಸೂಲಿಯ ಫೋನೂ ಅವರಿಗೇ ಬರುತ್ತದೆ. ಅವರು ಅದನ್ನು ನಿಮಗೆ ಹೇಳುವುದಿಲ್ಲ.

ಮಗನಿಗೆ ಹದಿನೆಂಟು ತುಂಬಿದಾಗ ಅವನ ರಿಪೋರ್ಟುಗಳನ್ನು ಒಟ್ಟಿಗೆ ಕುಳಿತು ತೆಗೆಸಿ ನೋಡಿದೆವು, ಅಲ್ಲಿಯ ಸರ್ಕಾರ ಕೊಡುವ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಮಕ್ಕಳದ್ದು ಕದ್ದು ಸಾಲ ಎತ್ತುವವರಿದ್ದಾರೆ ಎಂಬ ಕಾರಣಕ್ಕೆ. ಅವನದು ಶುದ್ಧವಾಗಿತ್ತು. ಈ ಸಲ ಅವನೂ ಬ್ಯಾಡಗಿಗೆ ಬಂದಿದ್ದಾನೆ. ಪೇಟೆಯ ಕಿರಾಣಿ ಅಂಗಡಿಯಲ್ಲಿ ತೂಗುಹಾಕಿದ್ದ ಹಲಗೆಯನ್ನು ಅಕ್ಷರ ಕೂಡಿಸಿ ಓದಿ, ಉದ್ರಿ ಎಂದರೆ ಏನು ಎಂದು ಕೇಳಿದ. ಅಪ್ಪ ವಿವರಿಸಿದರು: ಇಂಥವರ ಮಗ, ಇಂಥ ಓಣಿಯವನು ಎಂದು ಗೊತ್ತಾದರೆ ಸಾಕು, ಅಂಗಡಿಯವನು ಬರೆದುಕೊಂಡು ಸಾಮಾನು ಕೊಡುತ್ತಿದ್ದ. ಮಗ ತನ್ನ ಫೋನಿನಲ್ಲಿ ರಿಪೋರ್ಟನ್ನು ತೆರೆದು ಅವರ ಕೈಗೆ ಕೊಟ್ಟ. ಅಪ್ಪ ಕನ್ನಡಕವನ್ನು ಏರಿಸಿಕೊಂಡು, ಗುಮಾಸ್ತರು ಖಾತೆ ನೋಡುವಂತೆ ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ನೋಡಿ, "ಯಾರ ಮಗ ಅಂತ ಎಲ್ಲೂ ಬರದೇ ಇಲ್ಲಲ್ಲ ಇದರಾಗ" ಎಂದರು.

ಅಲ್ಲಿ ಅದನ್ನು ಬರೆಯುವುದಿಲ್ಲ ಎಂದೆ.