ಯಾರ ಮನೆಗೂ ಅಲ್ಲ, ಸುಮ್ನೆ

2023ರ ಜೂನ್ 11ಕ್ಕೆ ಶಕ್ತಿ ಯೋಜನೆ, ಅಂದರೆ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ, ಶುರುವಾಯಿತು. ಜುಲೈ ಕೊನೆಯ ಒಂದು ಬುಧವಾರ ನಾನು ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಲ್ಲಿ ಬನ್ನೂರು ಬಸ್ ಹತ್ತಿದೆ. ಆಗ ನನಗೆ 49. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಾಲ ಹತ್ತಿರದ ಚೀಲ ಸರಿಸಿಕೊಂಡು ಕೇಳಿದರು, “ಯಾರ ಮನಗವ್ವಾ ಹೋಯ್ತಿರದು?”

ನನಗೆ ತಕ್ಷಣ ಉತ್ತರ ಬರಲಿಲ್ಲ. ಯಾರ ಮನೆಗೂ ಹೋಗ್ತಿರಲಿಲ್ಲ. ಮದುವೆ ಇರಲಿಲ್ಲ, ತಿಥಿ ಇರಲಿಲ್ಲ, ಆಸ್ಪತ್ರೆ ಇರಲಿಲ್ಲ. ಅಲ್ಲಿವರೆಗೆ ನಾನು ಹತ್ತಿದ ಪ್ರತಿ ಬಸ್ಸಿಗೂ ಒಂದು ಕಾರಣ ಇತ್ತು. ತವರಿಗೆ ಹೋಗೋದಾದರೂ ಅಮ್ಮನಿಗೆ ಹುಷಾರಿಲ್ಲ ಅಂತಲೋ, ತಮ್ಮನ ಮಗುವಿಗೆ ನಾಮಕರಣ ಅಂತಲೋ. ನೋಡಬೇಕು ಅನ್ನಿಸಿತು, ಹೊರಟೆ ಅನ್ನೋದು ಇರಲೇ ಇಲ್ಲ. ಆ ದಿನ ಅಜ್ಜಿಗೆ “ನೆಂಟರ ಮನೆಗೆ” ಅಂತ ಸುಳ್ಳು ಹೇಳಿದೆ. ಅದು ಇವತ್ತಿಗೂ ನೆನಪಾಗುತ್ತದೆ.

ನಾನು ಹೋಗಿದ್ದು ಸೋಮನಾಥಪುರಕ್ಕೆ. ಮೈಸೂರಿನಿಂದ ಸುಮಾರು 35 ಕಿ.ಮೀ. ಬನ್ನೂರಿನಲ್ಲಿ ಇಳಿದು ತಿ. ನರಸೀಪುರದ ಕಡೆ ಹೋಗುವ ಬಸ್ ಹಿಡಿಯಬೇಕು. ಮದುವೆಯಾಗಿ ಮೈಸೂರಿಗೆ ಬಂದು 26 ವರ್ಷ ಆಗಿತ್ತು, ಅಷ್ಟು ಹತ್ತಿರದ ಗುಡಿ ನೋಡಿರಲಿಲ್ಲ. ಮಕ್ಕಳು ಶಾಲೆಯಿಂದ ಹೋಗಿ ಬಂದಿದ್ದರು. ಅವರಿಗೆ ಚಿತ್ರಾನ್ನ ಕಟ್ಟಿಕೊಟ್ಟವಳು ನಾನೇ.

ಮಳೆ ನಿಂತಿತ್ತು, ಜನ ಕಡಿಮೆ ಇದ್ದರು. ಕೇಶವ ದೇವಾಲಯ ಅಂತ ಹೆಸರು, ಆದರೆ ಗರ್ಭಗುಡಿ ಮೂರು. ಕೇಶವ, ಜನಾರ್ದನ, ವೇಣುಗೋಪಾಲ. ಹೊರಗೋಡೆ ನೋಡಿ ಒಳಗೆ ಬಂದಾಗ ಕುತ್ತಿಗೆ ನೋಯುತ್ತಿತ್ತು. ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತು ಸುಮ್ನೆ ಮೇಲೆ ನೋಡಿದೆ. ಛಾವಣಿಯ ನಡುವಿನಿಂದ ಒಂದು ಬಾಳೆ ಹೂವು ಇಳಿಬಿದ್ದಿತ್ತು. ಕಲ್ಲಿನದು. ಪಕ್ಕದ ಅಂಕಣದಲ್ಲಿ ಇನ್ನೊಂದು, ಅದರ ಸಿಪ್ಪೆ ಬೇರೆ ಥರ ಬಿಚ್ಚಿಕೊಂಡಿತ್ತು. ಅಲ್ಲಿ ಇಂಥ 16 ಛಾವಣಿ ಇವೆ, ಒಂದರಂತೆ ಇನ್ನೊಂದಿಲ್ಲ. ಬಾಳೆ ಹೂವಿನ ಪಲ್ಯ ಮಾಡುವವರಿಗೆ ಗೊತ್ತು, ಒಂದೊಂದೇ ಪದರ ಬಿಡಿಸಬೇಕು, ಪ್ರತಿ ಎಸಳಿನ ಒಳಗಿನ ಗಟ್ಟಿ ಕಡ್ಡಿ ತೆಗೆಯಬೇಕು, ಕೈಯೆಲ್ಲಾ ಕಪ್ಪಾಗುತ್ತದೆ. ಆ ಶಿಲ್ಪಿ ಅದನ್ನು ಅಷ್ಟೇ ಹತ್ತಿರದಿಂದ ನೋಡಿದ್ದ. 13ನೇ ಶತಮಾನದ ಒಬ್ಬ ಮನುಷ್ಯ ಮತ್ತು ನಾನು ಒಂದೇ ಹೂವನ್ನು ಕೈಯಲ್ಲಿ ಹಿಡಿದಿದ್ದೇವೆ ಅನ್ನಿಸಿ ಕಣ್ಣು ತುಂಬಿತು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ. “ಬೇಗ ಬಾ” ಅಂತ ಕರೆಯುವವರು ಯಾರೂ ಇರಲಿಲ್ಲ.

ಎರಡೇ ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ, ಬೇಲೂರು ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪೇಪರ್ ಹಿಡಿದುಕೊಂಡು ಅತ್ತೆ ಹತ್ತಿರ ಹೋಗಿ, “ನೋಡಿ, ನಾನು ನೋಡಿಕೊಂಡು ಬಂದೆನಲ್ಲ, ಆ ಗುಡಿ” ಅಂತ ತೋರಿಸಿದೆ.

ಆಮೇಲೆ ತಿಂಗಳಿಗೊಂದು ಬುಧವಾರ ಅಂತ ಇಟ್ಟುಕೊಂಡೆ. ಶನಿವಾರ, ಭಾನುವಾರ ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇರಲ್ಲ, ಅದಕ್ಕೇ ವಾರದ ಮಧ್ಯೆ. ಬೆಳಿಗ್ಗೆ 7ಕ್ಕೆ ಮನೆ ಬಿಟ್ಟರೆ ಸಂಜೆ 5ರೊಳಗೆ ವಾಪಸ್. ಕೆಂಪು ಬಸ್ಸು, ಅಂದರೆ ಸಾಮಾನ್ಯ ಮತ್ತು ವೇಗದೂತ. ರಾಜಹಂಸ, ಐರಾವತಕ್ಕೆ ಶಕ್ತಿ ಇಲ್ಲ, ರಾಜ್ಯದ ಗಡಿ ದಾಟುವ ಬಸ್ಸಿಗೂ ಇಲ್ಲ. ಬಸ್ಸಿನ ಹಿಂದಿನ ಸೀಟು ಬೇಡವೇ ಬೇಡ, ಸೊಂಟಕ್ಕೆ ಏಟು. ಡ್ರೈವರ್ ಹಿಂದಿನ ಎರಡನೇ ಸಾಲು ನನಗೆ ಸರಿಹೋಗುತ್ತದೆ.

ಮನೆ ಕಡೆಯ ವಿಷಯವನ್ನೂ ಹೇಳಬೇಕು. ಮೊದಲ ಮೂರು ಸಲ ಬೆಳಗಿನ ಜಾವ 4ಕ್ಕೆ ಎದ್ದು ತಿಂಡಿ, ಸಾರು, ಪಲ್ಯ ಎಲ್ಲಾ ಮಾಡಿಟ್ಟು, ಮಧ್ಯಾಹ್ನಕ್ಕೆ ಅಕ್ಕಿ ತೊಳೆದಿಟ್ಟು ಹೋಗುತ್ತಿದ್ದೆ. ಬಸ್ಸಿನಲ್ಲಿ ಕೂತರೆ ನಿದ್ದೆ. ಕಿಟಕಿ ಪಕ್ಕ ಕೂತು ಏನೂ ನೋಡದೆ ಬರುತ್ತಿದ್ದೆ. ನಾಲ್ಕನೇ ಸಲ ಹಿಂದಿನ ರಾತ್ರಿಯೇ ಹೇಳಿದೆ, “ನಾಳೆ ಅಡುಗೆ ನನ್ನದಲ್ಲ.” ನಮ್ಮ ಯಜಮಾನರು ಒಂದು ಕ್ಷಣ ಸುಮ್ಮನಿದ್ದರು. ಮರುದಿನ ಅತ್ತೆ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಮಗನಿಗೆ ತಿಳಿಸಾರು ಹೇಳಿಕೊಟ್ಟರಂತೆ. ನಾನು ಬಂದಾಗ ಒಂದು ಬಟ್ಟಲು ನನಗೆ ಎತ್ತಿಟ್ಟಿದ್ದರು. ಮೆಣಸು ಜಾಸ್ತಿ ಆಗಿತ್ತು. ಪೂರ್ತಿ ಕುಡಿದೆ. ಈಗ ಬುಧವಾರ ಬಂದರೆ ಇವರೇ ಕೇಳುತ್ತಾರೆ, “ಈ ಸಲ ಎಲ್ಲಿಗೆ?”

ಹೆಂಗಸರು ಊರು ಸುತ್ತುವಾಗ ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ ಶೌಚಾಲಯ. ಇದನ್ನು ಯಾರೂ ಜೋರಾಗಿ ಹೇಳಲ್ಲ. ನಾವೆಲ್ಲಾ ಮಾಡುವ ಉಪಾಯ ಒಂದೇ, ನೀರು ಕುಡಿಯದೆ ಇರೋದು. ನಾನೂ ಹಾಗೇ ಮಾಡಿ ಒಂದು ಸಲ ಉರಿಮೂತ್ರ ಬಂದು ಐದು ದಿನ ನರಳಿದೆ. ಡಾಕ್ಟರಮ್ಮ ಚೆನ್ನಾಗಿ ಬೈದರು. ಈ ವಯಸ್ಸಿನಲ್ಲಿ ಆ ಸೋಂಕು ಬೇಗ ಬರುತ್ತದೆ, ನೀರು ಬಿಡಬಾರದು ಅಂದರು. ಅವತ್ತಿನಿಂದ ಬಸ್ ಇಳಿದ ಕೂಡಲೇ, ಬೇಕಿರಲಿ ಬೇಡದಿರಲಿ, ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಿಯೇ ಮುಂದೆ ಹೋಗೋದು. ದೊಡ್ಡ ಊರಿನ ಸ್ಟ್ಯಾಂಡಿನಲ್ಲಿ ಇರುತ್ತದೆ, ಸಣ್ಣ ಊರಿನಲ್ಲಿ ಸಿಗೋದು ಗ್ಯಾರಂಟಿ ಇಲ್ಲ. ಆದ್ದರಿಂದ ಬಸ್ ಬದಲಿಸುವ ಊರು ದೊಡ್ಡದಿರುವ ಹಾಗೆ ದಾರಿ ಆರಿಸುತ್ತೇನೆ. ಪರ್ಸಿನಲ್ಲಿ ಐದು, ಹತ್ತರ ಚಿಲ್ಲರೆ ಬೇರೆಯೇ ಇರುತ್ತದೆ. ಒಂದು ಸಣ್ಣ ಸೋಪು, ಒಂದು ಖಾಲಿ ಬಾಟಲಿ. ಹಲವು ಕಡೆ ನಲ್ಲಿ ಇರುತ್ತದೆ, ಮಗ್ ಇರಲ್ಲ.

ಮುಟ್ಟು ನಿಲ್ಲೋ ವಯಸ್ಸಿನಲ್ಲಿ ಅದು ಯಾವಾಗ ಬರುತ್ತದೆ ಅಂತ ಲೆಕ್ಕ ಸಿಗಲ್ಲ. ಮೂರು ತಿಂಗಳು ಬಾರದೆ ಇದ್ದದ್ದು ಮೇಲುಕೋಟೆಯಲ್ಲಿ ಬಂತು. ಯೋಗನರಸಿಂಹನ ಬೆಟ್ಟ ಅರ್ಧ ಹತ್ತಿದ್ದೆ. ತಿಳಿ ಹಸಿರು ಚೂಡಿದಾರ್ ಬೇರೆ. ಪಕ್ಕದಲ್ಲಿ ಇಳಿಯುತ್ತಿದ್ದ ಒಬ್ಬ ಕಾಲೇಜು ಹುಡುಗಿ ಏನೂ ಕೇಳದೆ ತನ್ನ ವೇಲ್ ತೆಗೆದು ನನ್ನ ಸೊಂಟಕ್ಕೆ ಸುತ್ತಿದಳು. ಬೇಡ ಕಣಮ್ಮ ಅಂದರೂ ಕೇಳಲಿಲ್ಲ. “ಇಟ್ಕೊಳ್ಳಿ ಆಂಟಿ” ಅಂತ ಇಳಿದು ಹೋದಳು. ಆ ವೇಲ್ ಒಗೆದು ಮಡಚಿ ನನ್ನ ಚೀಲದಲ್ಲೇ ಇಟ್ಟಿದ್ದೇನೆ. ಜೊತೆಗೆ ಎರಡು ಪ್ಯಾಡ್, ಒಂದು ಕಪ್ಪು ಲೆಗಿಂಗ್ಸ್, ಹಳೇ ಪೇಪರ್ ಕವರ್. ಎಲ್ಲ ಸೇರಿ ಒಂದು ಊಟದ ಡಬ್ಬಿಯಷ್ಟೂ ಜಾಗ ತಿನ್ನಲ್ಲ. 45 ದಾಟಿದ ಎಲ್ಲರಿಗೂ ಇದನ್ನು ಹೇಳುತ್ತೇನೆ. ರಕ್ತ ಜಾಸ್ತಿ ಹೋಗುತ್ತಿದ್ದರೆ ಮಾತ್ರ ಪ್ರಯಾಣ ಇರಲಿ, ಮೊದಲು ಡಾಕ್ಟರಿಗೆ ತೋರಿಸಿ.

ಶ್ರವಣಬೆಳಗೊಳಕ್ಕೆ ಕೆಳಗಿನ ಮನೆಯ ಗೆಳತಿ ಜೊತೆ ಬಂದಳು. ವಿಂಧ್ಯಗಿರಿಗೆ ಬರಿಗಾಲಲ್ಲಿ ಹತ್ತಬೇಕು, ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಇಬ್ಬರಿಗೂ ಮಂಡಿ ನೋವು. ನಾವು ಮಾಡಿದ್ದು ಇಷ್ಟೇ: 50 ಮೆಟ್ಟಿಲಿಗೊಮ್ಮೆ ಕೂತೆವು, ಯಾರು ಮುಂದೆ ಹೋದರೂ ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತೋದಕ್ಕಿಂತ ಇಳಿಯೋದೇ ಮಂಡಿಗೆ ಕಷ್ಟ. ಕಂಬಿ ಹಿಡಿದು ಅಡ್ಡಡ್ಡ ಇಳಿದರೆ ಭಾರ ಕಡಿಮೆ ಅನ್ನಿಸುತ್ತದೆ. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚು, ಕಾಲುಚೀಲ ಹಾಕಿಕೊಳ್ಳಲೇಬೇಕು.

58 ಅಡಿಯ ಗೊಮ್ಮಟನನ್ನು ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ನನಗೆ ಹಿಡಿಸಿದ್ದು ಅವನ ಎದುರು ಬಾಗಿಲ ಹೊರಗೆ ನಿಂತಿರುವ ಗುಳ್ಳಕಾಯಜ್ಜಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಮೂರ್ತಿ ಪೂರ್ತಿ ನೆನೆಯಲಿಲ್ಲವಂತೆ. ಈ ಅಜ್ಜಿ ಒಂದು ಗುಳ್ಳಕಾಯಿಯ ಓಡಿನಲ್ಲಿ ತಂದ ಚೂರು ಹಾಲು ತಲೆಯಿಂದ ಪಾದದವರೆಗೆ ಇಳಿಯಿತಂತೆ. ಕತೆ ಚಿಕ್ಕಂದಿನಿಂದ ಗೊತ್ತು. ಆದರೆ ಅವಳ ಎತ್ತರ ಹೆಚ್ಚುಕಡಿಮೆ ನಮ್ಮಷ್ಟೇ ಅಂತ ಅಲ್ಲಿ ಹೋಗಿ ಪಕ್ಕ ನಿಂತಾಗಲೇ ತಿಳಿದಿದ್ದು. ಈ ಅಜ್ಜಿ ಈ ಬೆಟ್ಟ ಹತ್ತಿದಳಲ್ಲ ಅಂದಳು ಗೆಳತಿ, ಮಂಡಿ ಉಜ್ಜಿಕೊಳ್ಳುತ್ತಾ.

ಇಷ್ಟಾದ ಮೇಲೆ ಮನೆಯವರೆಲ್ಲ ಸೇರಿ ಹೋಗುವ ಪ್ರವಾಸವೂ ಬದಲಾಯಿತು. ಮೊದಲೆಲ್ಲ ಹೊರಡುವ ಮೂರು ದಿನ ಮುಂಚಿನಿಂದ ಐದು ಜನರ ಬಟ್ಟೆ, ಔಷಧಿ, ಚಪಾತಿ, ಚಟ್ನಿಪುಡಿ ಎಲ್ಲಾ ನನ್ನ ತಲೆಯಲ್ಲಿ. ಒಂದು ಸಲ ಕರಾವಳಿಗೆ ಹೋದಾಗ ಫೋಟೋ ನೋಡಿ ಕಾದಿರಿಸಿದ ಲಾಡ್ಜ್‌ನಲ್ಲಿ ರೂಮು ಮೂರನೇ ಮಹಡಿ, ಲಿಫ್ಟ್ ಇಲ್ಲ, ಅತ್ತೆಗೆ ಕೂರೋಕೆ ಕಮೋಡ್ ಇಲ್ಲ. ಎರಡು ದಿನ ನಾನು ಅವರ ಜೊತೆ ರೂಮಿನಲ್ಲೇ ಕಳೆದೆ. ಅಲೆಯ ಸದ್ದು ಕೇಳಿಸುತ್ತಿತ್ತು.

ಬಾದಾಮಿಗೆ ಹೊರಟಾಗ ಮುಂಚೆಯೇ ಮಾತಾಡಿದೆವು. ಅವರವರ ಚೀಲ ಅವರವರೇ ಕಟ್ಟಿಕೊಳ್ಳಬೇಕು. ಊಟ ಹೊರಗೆ. ದಿನಕ್ಕೆ ಒಂದೇ ದೊಡ್ಡ ಜಾಗ, ಮಧ್ಯಾಹ್ನ ಎರಡು ಗಂಟೆ ಎಲ್ಲರೂ ಮಲಗೋದು. ರೂಮು ಕಾದಿರಿಸುವ ಕೆಲಸ ಮಗಳದ್ದು. ಅವಳು ಫೋನ್ ಮಾಡಿ ನೆಲಮಹಡಿ, ಕಮೋಡ್, ಬಿಸಿನೀರು ಎಷ್ಟು ಗಂಟೆಗೆ ಅಂತ ಒಂದೊಂದಾಗಿ ಕೇಳಿದಳು. ಮಗ ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ, ಅಜ್ಜಿಗೆ ಕೆಳಗಿನ ಬರ್ತ್. ಮಧ್ಯಾಹ್ನ ಮೈಸೂರಿನಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಬಾದಾಮಿ. ಡಿಸೆಂಬರ್ ಆರಿಸಿದ್ದು ಬಿಸಿಲಿಗೆ ಹೆದರಿ. ಬೇಸಿಗೆಯಲ್ಲಿ ಆ ಕೆಂಪು ಬಂಡೆ ಹತ್ತಿರ ನಿಲ್ಲೋಕಾಗಲ್ಲ ಅಂತಾರೆ. ದಾರಿಗೆ ಅಂತ ಪುಳಿಯೋಗರೆ ಮಾತ್ರ ನಾನು ಮಾಡಿದ್ದೆ, ಅದು ನನಗೇ ಆಸೆ ಇತ್ತು. ಉಳಿದ ಪೊಟ್ಟಣವನ್ನು ಗುಹೆಗಳ ಮೆಟ್ಟಿಲ ಹತ್ತಿರ ಕೋತಿ ಕಿತ್ತುಕೊಂಡು ಹೋಯಿತು. ಅಲ್ಲಿ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿಯಲೇಬಾರದು.

ನಾವು ಗುಹೆ ಹತ್ತಿದಾಗ ಅತ್ತೆ ಕೆಳಗೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತರು, ಜೊತೆಗೆ ಇವರು. ಪಾಳಿ ಹಾಕಿಕೊಂಡಿದ್ದೆವು. ಮೊದಲು ನಾನು ಮತ್ತು ಮಕ್ಕಳು, ಆಮೇಲೆ ಇವರು. ಮರುದಿನ ಒಂದು ಕಾರು ಮಾಡಿಕೊಂಡು ಪಟ್ಟದಕಲ್ಲಿಗೆ ಹೋದೆವು, ಬಾದಾಮಿಯಿಂದ 22 ಕಿ.ಮೀ. ಅಲ್ಲಿ ಹತ್ತಬೇಕಾದ ಬೆಟ್ಟವಿಲ್ಲ, ಸಮತಟ್ಟು ಹುಲ್ಲು, ವಯಸ್ಸಾದವರಿಗೆ ಒಳ್ಳೇ ಜಾಗ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಕಟ್ಟಿಸಿದ್ದು ಅವಳ ತಂಗಿ ತ್ರೈಲೋಕ್ಯಮಹಾದೇವಿ, ಅವಳೂ ಅದೇ ರಾಜನ ರಾಣಿ. ಮಗಳು ಇದನ್ನು ಓದಿ ಹೇಳಿದಾಗ ಅತ್ತೆ ಎರಡೂ ಗೋಪುರ ನೋಡಿ, “ಗಂಡನ್ನ ಹಂಚಿಕೊಂಡ್ರೂ ಗುಡೀನ ಹಂಚಿಕೊಳ್ಳಲಿಲ್ಲ ನೋಡು” ಅಂದರು. 78 ವರ್ಷದ ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡೇ ಇರಲಿಲ್ಲ.

ಕೊನೆಯ ದಿನ ಬನಶಂಕರಿ. ಗುಡಿ ಎದುರು ದೊಡ್ಡ ಹೊಂಡ. ದರ್ಶನ ಮುಗಿಸಿ ಹೊರಗೆ ಬಂದರೆ ಬುಟ್ಟಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಬಿಳಿ ಬಟ್ಟೆ ಬಿಚ್ಚಿದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಕೆನೆ ಮೊಸರು. ನನ್ನ ಕೈ ಅಭ್ಯಾಸದಂತೆ ಮೊದಲು ಅತ್ತೆಗೆ, ಮಕ್ಕಳಿಗೆ ಬಡಿಸೋಕೆ ಹೋಯಿತು. ಆ ತಾಯಿ ನನ್ನ ಕೈ ಮೆಲ್ಲಗೆ ಸರಿಸಿ, “ನೀವ್ ಕುಂದರ್ರಿ ಯವ್ವಾ, ನಾ ಅದೀನಲ್ಲ” ಅಂತ ನನ್ನ ತಟ್ಟೆಗೇ ಮೊದಲು ರೊಟ್ಟಿ ಹಾಕಿದರು. ಮೇಲೆ ಒಂದು ಚಮಚ ಮೊಸರು, ಅದು ಜಾರಲಿಲ್ಲ, ಹಾಗೇ ನಿಂತಿತು.

“ಯಾವೂರ್ರಿ? ಹರಕಿ ಏನರ ಇತ್ತೇನು?”

“ಮೈಸೂರು. ಹರಕೆ ಏನಿಲ್ಲಮ್ಮ,” ಅಂದೆ. “ಸುಮ್ನೆ ನೋಡೋಣ ಅಂತ ಬಂದೆ.”

“ಛಲೋ ಆತು ಬಿಡ್ರಿ,” ಅಂತ ಅವರು ಇನ್ನೊಂದು ರೊಟ್ಟಿ ಮುರಿದು ಹಾಕಿದರು. ಅತ್ತೆ ಪಕ್ಕದಿಂದ, “ಅವಳಿಗೆ ಆ ಎಣ್ಣೆಗಾಯಿ ಇನ್ನೊಂಚೂರು ಹಾಕಮ್ಮ” ಅಂದರು.