ಸೂಜಿ ಮತ್ತು ಟೈಟಾನಿಯಂ ನಂಬಿ ನಡೆಸಿದ ಸ್ಟುಡಿಯೋ: ನನ್ನ ಅನುಭವ

ನನ್ನದು ಮೂಗು, ಕಿವಿ ಚುಚ್ಚುವ ಸ್ಟುಡಿಯೋ. ಮೈಸೂರಿನಲ್ಲಿ ಮೂಗು ಚುಚ್ಚಿಸೋಕೆ ಸಾವಿರದ ಎಂಟುನೂರು ಯಾರು ಕೊಡ್ತಾರೆ ಅಂತ ಕೇಳಿದವರೇ ಜಾಸ್ತಿ. ಅಕ್ಕಸಾಲಿಗಳ ಹತ್ತಿರ ಇನ್ನೂರು ಮುನ್ನೂರಕ್ಕೆ ಆಗುತ್ತದೆ, ಪಾರ್ಲರ್‌ಗಳಲ್ಲಿ ಚುಚ್ಚುವ ಗನ್ ಇದೆ. ಇದೇ ಕಸುಬಿನ ಗೆಳೆಯರೂ ‘ನೀನೂ ಒಂದು ಗನ್ ಇಟ್ಕೊಳ್ಳೋ’ ಅಂದರು. ನಾನು ಇಡಲಿಲ್ಲ, ಸೂಜಿಯಲ್ಲೇ ಚುಚ್ಚುತ್ತೇನೆ. ಈಗ ವಾರದ ಕೊನೆಗೆ ಅಪಾಯಿಂಟ್‌ಮೆಂಟ್ ಇಲ್ಲದೆ ಬಂದವರನ್ನು ವಾಪಸ್ ಕಳಿಸುತ್ತೇನೆ.

ಮೊದಲು ದುಡ್ಡು ತಿಂದಿದ್ದು ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಉಪಕರಣಗಳ ಕ್ರಿಮಿ ಕೊಲ್ಲುವ ಯಂತ್ರ), ಎಂಬತ್ತು ಸಾವಿರದ ಹತ್ತಿರ. ನಡುವೆ ಕರೆಂಟ್ ಹೋದರೆ ಸೈಕಲ್ ಮತ್ತೆ ಮೊದಲಿಂದ. ಅದಕ್ಕೇ ಬೆಳಗ್ಗೆ ಬೇಗ ಹಾಕಿಬಿಡುತ್ತೇನೆ.

ಆಮೇಲೆ ಆಭರಣ. ಎಫ್136 (ದೇಹದೊಳಗೆ ಇಡುವ ದರ್ಜೆಯ) ಟೈಟಾನಿಯಂ ಅಂತ ಹೇಳಿ ಒಬ್ಬರು ಕಳಿಸಿದ ಲಾಟ್ ಬರೀ ಸ್ಟೀಲ್. ಇಪ್ಪತ್ತು ಸಾವಿರ ಚಿಲ್ಲರೆ ಹೋಯಿತು. ಮ್ಯಾಗ್ನೆಟ್ ಇಟ್ಟು ನೋಡಿ ಪ್ರಯೋಜನವಿಲ್ಲ, ಆಭರಣಕ್ಕೆ ಬಳಸುವ 316ಎಲ್ ಸ್ಟೀಲೂ ಅಂಟುವುದಿಲ್ಲ. ಪರಿಚಯದ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿದಾಗ ಗೊತ್ತಾಯಿತು. ಅದೇ ಅಳತೆಯ ಟೈಟಾನಿಯಂ ತುಂಡು ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅಷ್ಟೇ. ಇನ್ನೊಂದು ದಾರಿ, ಮೂರು 9 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿ ಅಡುಗೆ ಸೋಡಾ ನೀರಿನಲ್ಲಿ ಆನೋಡೈಸ್ ಮಾಡುವುದು, ಅಂದರೆ ಕರೆಂಟ್ ಹಾಯಿಸಿ ಲೋಹದ ಮೇಲ್ಮೈಗೆ ಬಣ್ಣ ಬರಿಸುವುದು. ಟೈಟಾನಿಯಂ ನೀಲಿಗೆ ತಿರುಗುತ್ತದೆ, ಸ್ಟೀಲ್ ತಿರುಗುವುದಿಲ್ಲ. ಹೀಗೆ ಶುರುವಾದ ಬಣ್ಣದ ಆಟ ಈಗ ಸ್ಟುಡಿಯೋದಲ್ಲಿ ಚೆನ್ನಾಗಿ ಓಡುತ್ತದೆ. ಕಾಲೇಜು ಹುಡುಗಿಯರು ಬಣ್ಣ ಆರಿಸಿಕೊಂಡೇ ಕೂರುತ್ತಾರೆ.

ಇಷ್ಟೆಲ್ಲ ಆದರೂ ಮೊದಲ ವರ್ಷ ಮೂಗಿನ ಮೇಲೆ ಗುಳ್ಳೆ ಏಳುವುದು ನಿಲ್ಲಲಿಲ್ಲ. ನಾವು ಊತಕ್ಕೆ ಜಾಗ ಬಿಟ್ಟು 8 ಮಿಮೀ ಉದ್ದದ ಲ್ಯಾಬ್ರೆಟ್ (ಹಿಂದೆ ಚಪ್ಪಟೆ ಬಿಲ್ಲೆ ಇರುವ ಕಡ್ಡಿ) ಹಾಕುತ್ತೇವೆ. ಊತ ಇಳಿದ ಮೇಲೆ ಅದು ಅಲುಗಾಡುತ್ತದೆ, ಟವೆಲ್‌ಗೆ ಸಿಕ್ಕುತ್ತದೆ, ಗುಳ್ಳೆ ಬರುತ್ತದೆ. ನಾಲ್ಕರಿಂದ ಆರು ವಾರಕ್ಕೆ ಬಂದು ಚಿಕ್ಕದು ಹಾಕಿಸಿಕೊಳ್ಳಿ ಅಂದರೆ ಯಾರೂ ಬರುತ್ತಿರಲಿಲ್ಲ. ಚಿಕ್ಕದಕ್ಕೆ ಮತ್ತೆ ನಾನೂರು ಕೊಡಬೇಕಲ್ವಾ! ಆಗ ಆ ದುಡ್ಡನ್ನೂ ಮೊದಲ ಬಿಲ್ಲಿಗೇ ಸೇರಿಸಿದೆ. ದರ ಏರಿತು, ಎಲ್ಲರೂ ನಕ್ಕರು. ಆದರೆ ದುಡ್ಡು ಕೊಟ್ಟಾಗಿದೆ ಅಂತ ಜನ ತಪ್ಪದೇ ಬಂದರು. ಗುಳ್ಳೆ ದೂರು ಹತ್ತರಲ್ಲಿ ನಾಲ್ಕು ಇದ್ದದ್ದು ಒಂದಕ್ಕೆ ಇಳಿಯಿತು. ನನ್ನ ಸ್ಟುಡಿಯೋ ನಿಂತಿದ್ದೇ ಈ ಎರಡನೇ ಭೇಟಿಯಿಂದ.

ಅಜ್ಜಿಯರನ್ನು ಒಪ್ಪಿಸುವುದು ಇನ್ನೂ ಕಷ್ಟ. ಅರಿಶಿನ, ಕೊಬ್ಬರಿ ಎಣ್ಣೆ ಬೇಡ, ತಿರುಗಿಸಬೇಡಿ, 0.9 ಪರ್ಸೆಂಟ್ ಸಲೈನ್ (ಉಪ್ಪುನೀರು) ಸಾಕು ಅಂದರೆ ಮುಖ ನೋಡುತ್ತಾರೆ. ಅವರಿಗೆ ಬೇಕಾಗಿದ್ದು ಮನೆಯ ಚಿನ್ನದ ಮೂಗುಬೊಟ್ಟು. ಅದರ ತಿರುಪಿನ ಕಡ್ಡಿ ನಮ್ಮ 18 ಗೇಜ್ (ಸುಮಾರು 1 ಮಿಮೀ) ಕಡ್ಡಿಗಿಂತ ದಪ್ಪ. ಆರು ತಿಂಗಳಾದ ಮೇಲೆ ನೋವಿಲ್ಲದೆ ಅದನ್ನು ಕೂರಿಸಲು ಒಂದು ಉಪಾಯ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಈಚೆಗೆ ಬುಗುಡಿ ಹಿಡಿದಿದ್ದೇನೆ. ಮಾಮೂಲಿ ಹೆಲಿಕ್ಸ್ (ಕಿವಿಯ ಮೇಲಂಚಿನ ಚುಚ್ಚು) ಕೋನದಲ್ಲಿ ಚುಚ್ಚಿದರೆ ಬುಗುಡಿ ಮುಂದಕ್ಕೆ ವಾಲುತ್ತದೆ. ಕೋನ ಬದಲಿಸಿ, ಸ್ವಲ್ಪ ದಪ್ಪದ 16 ಗೇಜ್ ಬಾರ್ (ಕಡ್ಡಿ) ಹಾಕಿ, ವರ್ಷ ಕಾಯಿಸಬೇಕು. ಕೆಲವರ ಕಿವಿಯಲ್ಲಿ ಈಗ ಅಜ್ಜಿಯ ಬುಗುಡಿ ನೆಟ್ಟಗೆ ಕೂತಿದೆ. ಭಾರದ ಬುಗುಡಿ ತಂದವರಿಗೆ ಮೊದಲು ಒಳಗೆ ಟೊಳ್ಳು ಬಿಟ್ಟು ಹಗುರವಾಗಿ ಮಾಡಿಸಿಕೊಂಡು ಬನ್ನಿ ಅಂತ ಅದೇ ಅಕ್ಕಸಾಲಿಯ ಹತ್ತಿರ ಕಳಿಸುತ್ತಿದ್ದೇನೆ.