ಹಳೆಯ ಲಾರಿಗೆ ಮತ್ತೆ ಎ.ಸಿ.: ಗುಜರಿಯಿಂದ ಏನು ತರಬೇಕು, ಏನು ತರಬಾರದು

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಕೋಲಾರದ ಎಪಿಎಂಸಿ ಅಂಗಳದಲ್ಲಿ ಟೊಮೆಟೊ ಬಾಕ್ಸ್‌ಗಳಿಗಾಗಿ ಬಿಸಿಲಲ್ಲಿ ಕಾಯುವ ಹಳೆಯ ಲಾರಿಗಳಿಗೆ ಈ ನಿಯಮವಿಲ್ಲ. ಅವುಗಳಲ್ಲಿ ಕೆಟ್ಟು ಕೂತ ಎ.ಸಿ.ಯನ್ನು ಮಾಲೀಕರೇ ಸರಿಪಡಿಸಿಕೊಳ್ಳಬೇಕು. ಅದೇ ಮಾದರಿಯ ಗುಜರಿ ಲಾರಿ ಸಿಕ್ಕರೆ ಖರ್ಚು ಬಹಳಷ್ಟು ಉಳಿಯುತ್ತದೆ, ಎಲ್ಲವನ್ನೂ ಅಲ್ಲಿಂದಲೇ ಬಿಚ್ಚಿ ತರುವ ಆಸೆಯನ್ನು ಬಿಟ್ಟರೆ.

ಮೊದಲು ವೋಲ್ಟೇಜ್ ನೋಡಿಕೊಳ್ಳಿ. ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ, ಕಾರುಗಳಲ್ಲಿ 12. ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಕಂಪ್ರೆಸರ್ (ಗ್ಯಾಸನ್ನು ಒತ್ತಿ ತಳ್ಳುವ ಪಂಪು) ತಂದು ಜೋಡಿಸಿದರೆ ಅದರ ಕ್ಲಚ್ ಕಾಯಿಲ್, ಅಂದರೆ ಕ್ಲಚ್ಚನ್ನು ಹಿಡಿಸುವ ವಿದ್ಯುತ್ ಸುರುಳಿ, ಸುಟ್ಟುಹೋಗುತ್ತದೆ. ಒಂದೇ ಬ್ಯಾಟರಿಯಿಂದ ವೈರ್ ಎಳೆಯಿರಿ ಎಂದು ಸಲಹೆ ಕೊಡುವವರೂ ಇದ್ದಾರೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿದ್ದು, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ, ಎರಡೂ ಹಾಳಾಗುತ್ತವೆ.

ಗುಜರಿ ಲಾರಿಯಲ್ಲಿ ಉಳಿದಿರುವ ಗ್ಯಾಸನ್ನು ಯಂತ್ರದಿಂದ ಹೀರಿಸಿದ ಮೇಲೆಯೇ ಪೈಪ್ ಬಿಚ್ಚಬೇಕು. ಕಂಪ್ರೆಸರಿನ ಮುಂದಿನ ಕ್ಲಚ್ ಪ್ಲೇಟನ್ನು ಕೈಯಿಂದ ತಿರುಗಿಸಿ ನೋಡಿ; ಎಲ್ಲೂ ಹಿಡಿಯಬಾರದು. ಒಳಗಿನ ಎಣ್ಣೆಯ ನಾಲ್ಕು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಬೀಳಿಸಿ. ತಿಳಿಯಾಗಿದ್ದರೆ ಕೊಳ್ಳಬಹುದು. ಕಪ್ಪಾಗಿದ್ದರೆ, ಅಥವಾ ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ, ಆ ಕಂಪ್ರೆಸರನ್ನಷ್ಟೇ ಅಲ್ಲ, ಪುಡಿ ಹರಿದು ಸೇರಿರಬಹುದಾದ ಕಂಡೆನ್ಸರನ್ನೂ (ಬಿಸಿ ಗ್ಯಾಸನ್ನು ತಣಿಸುವ ಜಾಲರಿ) ಬಿಟ್ಟುಬರಬೇಕು. ಕಂಪ್ರೆಸರನ್ನು ಕೂರಿಸುವ ಬ್ರಾಕೆಟ್, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಐಡ್ಲರ್ ಪುಲ್ಲಿ, ಬೋಲ್ಟುಗಳನ್ನು ಮರೆಯದೆ ತನ್ನಿ. ಬ್ರಾಕೆಟ್ಟನ್ನು ಹೊಸದಾಗಿ ಮಾಡಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಬಿಚ್ಚಿದ ಬಾಯಿಗಳನ್ನೆಲ್ಲ ಕೂಡಲೇ ಮುಚ್ಚಿ, ಏಕೆಂದರೆ ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ.

ಗ್ಯಾಸಿನಲ್ಲಿರುವ ತೇವ ಹೀರುವ ರಿಸೀವರ್ ಡ್ರೈಯರ್ ಮತ್ತು ಜೋಡಣೆಗಳಲ್ಲಿ ಕೂರುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳನ್ನು ಮಾತ್ರ ಹೊಸದಾಗಿಯೇ ಕೊಳ್ಳಬೇಕು. ಗಾಳಿಗೆ ತೆರೆದುಕೊಂಡ ಹಳೆಯ ಡ್ರೈಯರ್ ತೇವವನ್ನು ಆಗಲೇ ಕುಡಿದು ಕೂತಿರುತ್ತದೆ.

ಕಂಪ್ರೆಸರ್ ಕೂರಿಸಿದ ಮೇಲೆ ಅದರ ಪುಲ್ಲಿಗೂ ಎಂಜಿನ್ನಿನ ಪುಲ್ಲಿಗೂ ನೇರವಾದ ಪಟ್ಟಿ ಹಿಡಿದು ಸಾಲು ಸರಿಯಿದೆಯೇ ಎಂದು ನೋಡಿ. ನಂತರ ನೈಟ್ರೋಜನ್ ತುಂಬಿಸಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಸೋರಿಕೆ ಹುಡುಕಬೇಕು. ಆಕ್ಸಿಜನ್ ಯಾವ ಕಾರಣಕ್ಕೂ ಬೇಡ. ಎಣ್ಣೆಯೊಂದಿಗೆ ಸೇರಿದರೆ ಅದು ಸ್ಫೋಟಿಸಬಹುದು.

ನೈಟ್ರೋಜನನ್ನು ಹೊರಬಿಟ್ಟ ಮೇಲೆ, ಒಳಗಿನ ಗಾಳಿ, ತೇವವನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪನ್ನು ಮುಕ್ಕಾಲು ಗಂಟೆಯಾದರೂ ಓಡಿಸಿ. ಗೇಜಿನ ಮುಳ್ಳು 29 ಇಂಚಿನ (ಪಾದರಸದ ಅಳತೆ) ಆಸುಪಾಸಿಗೆ ಇಳಿಯಬೇಕೆಂಬ ಲೆಕ್ಕ ಸಮುದ್ರಮಟ್ಟದ್ದು. ಸುಮಾರು 800 ಮೀಟರ್ ಎತ್ತರದ ಕೋಲಾರದಲ್ಲಿ ಅದು 27ರ ಹತ್ತಿರವೇ ನಿಲ್ಲುತ್ತದೆ. ಇದನ್ನರಿಯದೆ ಇಲ್ಲದ ಸೋರಿಕೆಯನ್ನು ಹುಡುಕುತ್ತ ಇಡೀ ದಿನ ಕಳೆಯಬಹುದು. ವಾಲ್ವ್ ಮುಚ್ಚಿದ ಮೇಲೆ ಮುಳ್ಳು ಅರ್ಧ ಗಂಟೆ ಅಲುಗದಿದ್ದರೆ ಸಾಕು.

ಗ್ಯಾಸನ್ನು ಅಂದಾಜಿನಿಂದಲ್ಲ, ತೂಕ ಹಾಕಿ ತುಂಬಿಸಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಲಾರಿಯ ಎ.ಸಿ. ಸ್ಟಿಕ್ಕರಿನಲ್ಲಿ ಅಥವಾ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಎಂಜಿನ್ ಓಡುತ್ತಿರುವಾಗ ಕಡಿಮೆ ಒತ್ತಡದ ಕಡೆಯಿಂದ, ಗ್ಯಾಸ್ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಆವಿಯನ್ನಷ್ಟೇ ಬಿಡಬೇಕು; ದ್ರವ ಒಳನುಗ್ಗಿದರೆ ತಂದ ಕಂಪ್ರೆಸರೂ ಮುರಿಯುತ್ತದೆ. ಹೆಚ್ಚು ಒತ್ತಡದ ವಾಲ್ವನ್ನು ಆಗ ತೆರೆದರೆ ಕ್ಯಾನೇ ಸಿಡಿಯಬಹುದು. ಮೊದಲ ಲೋಡ್ ಇಳಿಸಿ ಬಂದ ಮೇಲೆ ಬೆಲ್ಟನ್ನೂ ಬ್ರಾಕೆಟ್ಟಿನ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ.